ಕೆಂಪು ದಾರದ ಕಪ್

ನಮ್ಮ ದಾನಿ ಖಾಯಂ ಆದಳು! ಮೊದಲು ಈ ಒಂದು ಮಾತು ಕೇಳಿಬಿಡಿ, ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ. ನನ್ನ ಮಗ ಮಲ್ಲಪ್ಪನ ಮಗಳು, ನನ್ನ ಮೊಮ್ಮಗಳು ದಾನೇಶ್ವರಿ, ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಎಚ್.ಆರ್. ಮ್ಯಾನೇಜರ್ ಆಗಿ ಇವತ್ತು ಮುಂಜಾನೆಯಿಂದ ಖಾಯಂ. ಹಾಲಿನವನಿಗೆ ಹೇಳಿದೆ. ಎದುರು ಮನೆಯವಳಿಗೆ ಹೇಳಿದೆ. ನೂಲಿನ ಗಂಟು ಇಳಿಸಲು ಬಂದ ಟೆಂಪೋದವನಿಗೂ ಹೇಳಿದೆ. ಮಗ್ಗದ ಸದ್ದಿನಲ್ಲಿ ಅವನಿಗೆ ನನ್ನ ಮಾತು ಮುಟ್ಟಲಿಲ್ಲ. ನನ್ನ ಮುಖವನ್ನಷ್ಟೇ ನೋಡಿ, "ಗಂಡೋ ಹೆಣ್ಣೋ ಆಯಿ?" ಅಂದ. "ಹೆಣ್ಣು! ಹುಟ್ಟಿ ಭಾಳ ವರ್ಷ ಆತು, ಇವತ್ತ ಸಿಹಿ ಹಂಚಾಕತ್ತೇನಿ" ಎಂದು ಅವನ ಕೈಯಲ್ಲಿ ಬೆಲ್ಲದ ತುಣುಕು ಇಟ್ಟೆ.

ಫೋನ್ ಬಂದಾಗ ನನ್ನ ಕೈಯಲ್ಲಿ ಚಹಾದ ಕಪ್ ಇತ್ತು. ಹಿಡಿಕೆಗೆ ಕೆಂಪು ದಾರ ಸುತ್ತಿದ ಹಳೆಯ ಪಿಂಗಾಣಿ ಕಪ್. "ಆಯಿ, ಆತು" ಅಂದಳು ದಾನಿ. ಅಷ್ಟೇ. ಏನಾಯಿತು ಎಂದು ನಾನು ಕೇಳಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ. ಎದ್ದು ನಿಲ್ಲುವ ಭರದಲ್ಲಿ ಚಹಾ ಸೀರೆಯ ಮೇಲೆ ಚೆಲ್ಲಿತು, ದಾರವೂ ನೆನೆಯಿತು. ನೆನೆದ ದಾರದ ವಾಸನೆ ಮೂಗಿಗೆ ಬಂತು ನೋಡಿ, ಬಿಸಿ ಚಹಾ ಮತ್ತು ಗಂಜಿ ಹಾಕಿದ ನೂಲು ಕೂಡಿದ ವಾಸನೆ. ನಮ್ಮ ಬನಹಟ್ಟಿಯ ಮನೆಯೊಳಗೆ ಕುಣಿಮಗ್ಗಗಳು ಇದ್ದ ಕಾಲ ಪೂರ್ತಿ ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತಿತು.

ದಾನಿ ಜಮಖಂಡಿಗೆ ಬಸ್ಸಿನಲ್ಲಿ ಓಡಾಡಿ ಓದಿದವಳು. ನಾನು ಮೂರನೇ ಇಯತ್ತೆಗೇ ಸಾಲಿ ಬಿಟ್ಟು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಲು ಕುಳಿತವಳು. ಅವಳು ಏನು ಓದುತ್ತಿದ್ದಾಳೆ ಎಂಬುದು ನನಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಒಮ್ಮೆ ಕೇಳಿಯೇ ಬಿಟ್ಟೆ.

"ಎಚ್.ಆರ್. ಅಂದ್ರ ಏನ್ ಕೆಲಸ ಬೇ ಅದು?"

"ಕಾರ್ಖಾನ್ಯಾಗ ಮಶೀನ ನೋಡ್ಕೊಳ್ಳಾಕ ಇಂಜಿನೀರ್ ಇರ್ತಾರಲ್ಲ ಆಯಿ? ಹಂಗ ಮಂದೀನ ನೋಡ್ಕೊಳ್ಳೂದು. ಯಾರ್ ಬಂದ್ರು, ಯಾರ್ ಬರಲಿಲ್ಲ, ಯಾರಿಗೆ ಯಾವ ಪಾಳಿ, ಯಾರಿಗೆ ಏನ್ ತ್ರಾಸ."

"ಅದಕ್ಕ ಪಗಾರ ಬ್ಯಾರೆ ಕೊಡ್ತಾರ? ನಾ ಇಷ್ಟ ವರ್ಷ ಪುಕ್ಕಟ ಮಾಡೀನಲ್ಲ!"

ನಕ್ಕಳು. ನಾನು ನಗೆಯಾಡಲು ಹೇಳಿದ್ದೆ, ಆದರೆ ಮಾತು ಪೂರ್ತಿ ಸುಳ್ಳಲ್ಲ.

ಆಗ ನಮ್ಮ ಮನೆಯ ಪಡಸಾಲೆಯಲ್ಲಿ ಐದಾರು ಮಗ್ಗಗಳಿದ್ದವು. ನೇಯುವವರು ಅಕ್ಕಪಕ್ಕದ ಓಣಿಯವರು. ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಅವರ ತಲೆ ಮಾತ್ರ ಕಾಣುತ್ತಿತ್ತು. ಅವರನ್ನು ಹದ್ದುಬಸ್ತಿನಲ್ಲಿ ಇಡುವವರು ನಮ್ಮ ಮನೆಯವರು, ಅಂದರೆ ನನ್ನ ಯಜಮಾನರು. ಅವರ ಪದ್ಧತಿ ಬಹಳ ಸರಳ. ಮುಖ ಗಂಟಿಕ್ಕಿಕೊಂಡು ಮಗ್ಗದ ಸಾಲಿನಲ್ಲಿ ತಿರುಗುವುದು, ಸೀರೆಯನ್ನು ಬೆಳಕಿಗೆ ಹಿಡಿದು ಎಳೆ ತಪ್ಪಿದ್ದನ್ನು ಹುಡುಕುವುದು, ಸಿಕ್ಕರೆ ಓಣಿಗೆಲ್ಲ ಕೇಳುವಂತೆ ಬೈಯುವುದು. ಮನುಷ್ಯ ಕೆಟ್ಟವರಲ್ಲ. ಬೈದ ಮೇಲೆ ಹೊಟ್ಟೆ ನೋವು ಬಂದು ಮಲಗುತ್ತಿದ್ದವರೂ ಅವರೇ.

ನನ್ನ ಪಾಲಿಗೆ ಬಂದದ್ದು ಚಹಾ. ಯಾರ ಕಪ್ ಯಾರದು ಎಂದು ದಿನವೂ ಜಗಳ ಆಗುತ್ತಿತ್ತು. ಒಬ್ಬನಿಗೆ ಅಂಚು ಒಡೆದದ್ದು ಬೇಡ, ಇನ್ನೊಬ್ಬನಿಗೆ ಸಣ್ಣದು ಬೇಡ. ಬೇಸತ್ತು ನಾನು ಒಂದು ಹಲಗೆಗೆ ಮೊಳೆ ಹೊಡೆಸಿ ಗೋಡೆಗೆ ನಿಲ್ಲಿಸಿದೆ. ಮೊಳೆ ಹೊಡೆದವರು ನಮ್ಮ ಯಜಮಾನರೇ. ಬಟ್ಟೆಯಲ್ಲಿ ಒಂದು ಎಳೆ ಸೊಟ್ಟಗಾದರೆ ಊರು ಎತ್ತಿ ಇಳಿಸುವವರು ಮೊಳೆಗಳನ್ನೆಲ್ಲ ಸೊಟ್ಟಗೇ ಹೊಡೆದಿದ್ದರು. ಒಂದೊಂದು ಕಪ್ಪಿನ ಹಿಡಿಕೆಗೆ ಒಂದೊಂದು ಬಣ್ಣದ ನೂಲು ಸುತ್ತಿದೆ. ಹಳದಿ ಶಿವಪ್ಪನದು, ಹಸಿರು ಇನ್ನೊಬ್ಬನದು, ಹೀಗೆ. ಕೆಂಪು ನನ್ನದು. ಮುಂಜಾನೆ ಬಂದವರು ತಮ್ಮ ತಮ್ಮ ಕಪ್ ತೆಗೆದು ನನ್ನ ತಾಟಿನಲ್ಲಿ ಇಡಬೇಕು. ಜಗಳ ನಿಂತಿತು.

ಜಗಳ ನಿಲ್ಲಲಿ ಎಂದು ಮಾಡಿದ್ದು ಬೇರೆ ಉಪಯೋಗಕ್ಕೂ ಬಂತು. ಚಹಾ ಸೋಸುವ ಹೊತ್ತಿಗೆ ಮೊಳೆಯ ಮೇಲೆ ಯಾವ ಕಪ್ ಉಳಿದಿದೆಯೋ ಆ ಮನುಷ್ಯ ಇವತ್ತು ಬಂದಿಲ್ಲ. ಯಾರನ್ನೂ ಕೂಗಬೇಕಿಲ್ಲ, ಕುಣಿಗೆ ಬಗ್ಗಿ ನೋಡಬೇಕಿಲ್ಲ.

ಒಂದು ದಿನ ಹಳದಿ ದಾರ ಮೊಳೆಯ ಮೇಲೆಯೇ ಉಳಿಯಿತು. "ಶಿವ್ಯಾ ಎಲ್ಲೆರ ಇಸ್ಪೀಟ ಆಡಾಕ ಕುಂತಿರಬೇಕು. ಬರ್ಲಿ ಮಗಾ, ಮಗ್ಗಾನ ಕಸಗೊಂಡ ಬಿಡ್ತೇನಿ" ಎಂದು ಯಜಮಾನರು ಶುರುಮಾಡಿದರು. ನಾನು ಶಿವಪ್ಪನ ಕಪ್ಪಿಗೆ ಚಹಾ ಹಾಕಿ ಮೇಲೆ ಬಸಿ ಮುಚ್ಚಿಕೊಂಡು ಅವನ ಮನೆಗೆ ನಡೆದೆ. ಬಾಗಿಲು ತೆರೆದೇ ಇತ್ತು. ಶಿವಪ್ಪ ಗೋಡೆಗೆ ಒರಗಿ ಕುಳಿತಿದ್ದಾನೆ, ತೊಡೆಯ ಮೇಲೆ ಬಾಣಂತಿ ಹೆಂಡತಿಯ ಪಕ್ಕದಿಂದ ಎತ್ತಿಕೊಂಡ ಕೂಸು. ನನ್ನನ್ನು ಕಂಡವನೇ ಬಾಯಿಯ ಮೇಲೆ ಬೆರಳಿಟ್ಟ.

"ಮಾತಾಡಬ್ಯಾಡ್ರಿ ಅಕ್ಕಾ. ರಾತ್ರೆಲ್ಲಾ ಅತ್ತು ಈಗ ಮಲಗೈತಿ. ನಾ ಎದ್ದರ ಇದೂ ಏಳತೈತಿ, ಇದು ಎದ್ದರ ಅಕೀನೂ ಏಳತಾಳ. ಹೊತ್ತ ಮೂಡಿದಾಗಿಂದ ಹಿಂಗ ಕುಂತೇನ್ರಿ, ಕಾಲ ನಂದೋ ಮಂದೀದೋ ತಿಳೀವಲ್ದು."

ಅವನಿಗೆ ಅಲ್ಲಿಯೇ ಚಹಾ ಕುಡಿಸಿ ಬಂದೆ. "ಇಸ್ಪೀಟ್ ಆಡಾಕತ್ತಿದ್ದನೇನು?" ಎಂದು ಕೇಳಿದರು ಯಜಮಾನರು. "ಹೌದು, ಅವನ ಕೈಯಾಗ ರಾಣಿ ಬಂದೈತಿ, ಇವತ್ತ ಏಳೂದಿಲ್ಲ" ಎಂದೆ.

ಎಲ್ಲ ಸಲವೂ ಕೂಸು ಇರುತ್ತಿರಲಿಲ್ಲ ಎನ್ನಿ. ಹಸಿರು ದಾರದವನು ಒಮ್ಮೆ ನಾನು ಕಪ್ ಹಿಡಿದು ಬರುವುದನ್ನು ದೂರದಿಂದ ಕಂಡು ಮಾಳಿಗೆ ಏರಿ ಕುಳಿತಿದ್ದ. "ಇಳೀರಿ ಅಣ್ಣಾ, ಚಾ ಆರತೈತಿ" ಎಂದೆ. ಇಳಿದು ಬಂದ, ಕುಡಿದ, ತಲೆ ತಗ್ಗಿಸಿಕೊಂಡು ನನ್ನ ಹಿಂದೆಯೇ ಮಗ್ಗಕ್ಕೆ ಬಂದ. ಬೈಯುವವನ ಮುಂದೆ ಸುಳ್ಳು ಹೇಳಬಹುದು, ಚಹಾ ಹಿಡಿದು ಬಂದವಳ ಮುಂದೆ ಹೇಳುವುದು ಕಷ್ಟ. ಆವತ್ತಿನಿಂದ ನಮ್ಮ ಮನೆಯಲ್ಲಿ ಒಂದು ರೂಢಿ ಬಿತ್ತು. ಮೊಳೆಯ ಮೇಲೆ ಕಪ್ ಉಳಿದರೆ ಮೊದಲು ಹೋಗಿ ಕೇಳಿ ಬರಬೇಕು. ಬೈಯುವುದಿದ್ದರೆ ಆಮೇಲೆ. ಆಮೇಲೆ ಬೈಯುವ ಪ್ರಸಂಗ ಬಹಳ ಸಲ ಬರಲೇ ಇಲ್ಲ, ಯಜಮಾನರ ಹೊಟ್ಟೆ ನೋವೂ ಕಡಿಮೆಯಾಯಿತು.

ಕುಣಿಮಗ್ಗ ಹೋಗಿ ಪವರ್‌ಲೂಮ್ ಬಂದವು, ಯಜಮಾನರೂ ಹೋದರು. ಈಗ ಹಿತ್ತಲಿನ ಶೆಡ್ಡಿನಲ್ಲಿ ಮಲ್ಲಪ್ಪ ಮಗ್ಗ ನಡೆಸುತ್ತಾನೆ. ಹಲಗೆ ಮಾತ್ರ ಗೋಡೆಯ ಮೇಲೆ ಇದ್ದಲ್ಲೇ ಇದೆ. ಅದರ ಮೊಳೆಗಳಿಗೆ ಈಗ ಬೀಗದ ಕೈ, ಸಂತೆಯ ಚೀಲ, ಮೊಬೈಲಿನ ವೈರು. ಕೊನೆಯ ಮೊಳೆಯಲ್ಲಿ ನನ್ನ ಕೆಂಪು ದಾರ. ದಾರ ಸವೆದಾಗಲೆಲ್ಲ ಹೊಸದು ಸುತ್ತುತ್ತೇನೆ. ದಾನಿ ನನ್ನ ಸೊಂಟದ ಮೇಲೆ ಇದ್ದಾಗಲೇ ಈ ಕಥೆಗಳನ್ನು ಅನ್ನದ ಜೊತೆ ಉಂಡವಳು.

ಈಗ ಕಾರ್ಖಾನೆಯ ಮಾತಿಗೆ ಬರುತ್ತೇನೆ. ಈ ಸಲದ ಕಬ್ಬಿನ ಹಂಗಾಮು ಶುರುವಾಗುವ ಮೊದಲು ದಾನಿಯನ್ನು ಕೆಲಸಕ್ಕೆ ತೆಗೆದುಕೊಂಡಾಗ ಅಲ್ಲಿನ ದೊಡ್ಡ ಸಾಹೇಬರು ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ದರಂತೆ. ಕಬ್ಬು ನುರಿಸುವ ದಿನಗಳಲ್ಲಿ ಹೇಳದೆ ಕೇಳದೆ ತಪ್ಪಿಸಿಕೊಳ್ಳುವವರು ಹೆಚ್ಚು. ಒಬ್ಬ ಬರದಿದ್ದರೆ ಇನ್ನೊಬ್ಬ ಎರಡು ಪಾಳಿ ದುಡಿಯಬೇಕು. ಹಂಗಾಮು ಮುಗಿಯುವುದರೊಳಗೆ ಇದನ್ನು ಹತೋಟಿಗೆ ತಂದರೆ ಖಾಯಂ, ಇಲ್ಲದಿದ್ದರೆ ಮನೆಗೆ. ದಾನಿ ಮುಧೋಳದಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು ಇದ್ದಳು. ಇತ್ತ ಮಲ್ಲಪ್ಪ, "ಅಲ್ಲಿ ಆಗಲಿಲ್ಲಂದ್ರ ಸುಮ್ಮ ಬಂದ್ಬಿಡು, ಮಗ್ಗದ ಲೆಕ್ಕ ನೋಡ್ಕೊಂಡ ಇರು" ಎನ್ನುತ್ತಿದ್ದ. ಅವಳು ತಲೆ ಆಡಿಸುತ್ತಿದ್ದಳು. ಆದರೆ ಆ ತಲೆ ಹೌದು ಎನ್ನುತ್ತಿತ್ತೋ ಅಲ್ಲ ಎನ್ನುತ್ತಿತ್ತೋ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ, ನನಗೆ ತಿಳಿಯುತ್ತಿತ್ತು. ಆ ಕೆಲಸ ಅವಳಿಗೆ ಬೇಕಾಗಿತ್ತು, ಹಸಿದವರಿಗೆ ರೊಟ್ಟಿ ಬೇಕಾದ ಹಾಗೆ.

ಕಾರ್ಖಾನೆಯಲ್ಲಿ ಹಾಜರಿಗೆ ಮುಖ ತೋರಿಸುವ ಮಶೀನು ಇತ್ತು. ಬಂದವರು ಅದಕ್ಕೆ ಮುಖ ತೋರಿಸಬೇಕು. ಕೆಲವರು ತೋರಿಸಿ, ಹಿಂದಿನ ಬಾಗಿಲಿನಿಂದ ಹೊಲಕ್ಕೆ ಹೋಗಿಬಿಡುತ್ತಿದ್ದರಂತೆ. "ಮುಖ ಒಳಗ, ಮನಷ್ಯಾ ಹೊರಗ. ಮಶೀನಿಗೆ ಏನ್ ಗೊತ್ತಾಗಬೇಕ ಆಯಿ?" ಎಂದು ದಾನಿ ಒಂದು ಭಾನುವಾರ ಹಲಗೆಯ ಮುಂದೆ ನಿಂತು ಹೇಳಿದಳು. ಹೇಳುತ್ತ ಹೇಳುತ್ತ ಅವಳ ಕಣ್ಣು ಮೊಳೆಗಳ ಮೇಲೆ ನಿಂತಿತು. ಮೊಬೈಲು ತೆಗೆದು ಹಲಗೆಯ ಫೋಟೋ ಹೊಡೆದುಕೊಂಡಳು. ಅವತ್ತು ನಾನು ಎಷ್ಟು ಉಬ್ಬಿದೆ ಎಂದರೆ, ಆ ರಾತ್ರಿ ಹಾಸಿಗೆಯಲ್ಲಿ ನನ್ನ ಜಾಗ ನನಗೇ ಸಾಲಲಿಲ್ಲ.

ಅವಳು ಮಾಡಿದ್ದಿಷ್ಟು. ಒಂದೊಂದು ವಿಭಾಗಕ್ಕೂ ಒಂದೊಂದು ಹಲಗೆ, ಹೊಸ ಕಪ್, ಒಂದೊಂದರ ಮೇಲೂ ಕೆಲಸಗಾರನ ಹೆಸರು. ಚಹಾದ ಹೊತ್ತಿಗೆ ಬಂದು ತನ್ನ ಕಪ್ ತೆಗೆದುಕೊಳ್ಳಬೇಕು. ಆಗ ಹೊಲಕ್ಕೆ ಹೋದವನ ಕಪ್ ಮೊಳೆಯ ಮೇಲೆ ಉಳಿಯುತ್ತದೆ. ಮೊದಲ ದಿನ ಸಂಜೆ ಫೋನ್ ಬಂತು. ಧ್ವನಿ ಇಳಿದುಹೋಗಿತ್ತು.

"ಆಯಿ, ಯಾರೂ ಕಪ್ ಮುಟ್ಟಲಿಲ್ಲ. ಕೆಟ್ಲಿ ಕೆಟ್ಲಿ ಚಾ ಹಂಗ ಆರಿ ಹೋತು."

"ಸಕ್ಕರಿ ಕಡಿಮಿ ಆಗಿರಬೇಕ ಬೇ."

"ಸಕ್ಕರಿ ಕಾರ್ಖಾನ್ಯಾಗ ಸಕ್ಕರಿ ಕಡಿಮಿ ಆಗತೈತೇನ ಆಯಿ!" ಅವಳಿಗೆ ನಗು ಬರಲಿಲ್ಲ. "ದೊಡ್ಡ ಸಾಹೇಬ್ರು ಎಲ್ಲಾರ ಮುಂದ ಕೇಳಿದ್ರು, ಇದೇನ ನಿಮ್ಮ ಅಜ್ಜಿ ಮನಿ ಏನ್ರಿ ಅಂತ."

ಆ ಅಜ್ಜಿ ನಾನೇ. ಬನಹಟ್ಟಿಯಲ್ಲಿ ಕುಳಿತು ಮುಧೋಳದ ಬೈಗುಳ ತಿಂದೆ.

ಮರುದಿನ ದಾನಿ ಸಕ್ಕರೆ ಪಾಕ ಬೇಯಿಸುವ ವಿಭಾಗದ ಯಮನಪ್ಪನವರ ಹತ್ತಿರ ಹೋದಳು. ಲೋಕಾಪುರ ಕಡೆಯವರು, ಕಾರ್ಖಾನೆಯ ಹಳೆಯ ಆಳು. ಅವರು ಮಾತು ಆಡಿದರೆ ಉಳಿದವರು ಕೇಳುತ್ತಾರೆ. ಅವರು ಮೊದಲು ಏನೂ ಇಲ್ಲ ಎಂದರಂತೆ. ಇವಳು ಎದ್ದು ಬರಲಿಲ್ಲ, ಅಲ್ಲೇ ಕುಳಿತಳು. ಕೊನೆಗೆ ಅಂದರು: "ಮೇಡಮ್ಮಾರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮನ್ಯಾಗ ಕಪ್ ಬ್ಯಾರೆ ಬ್ಯಾರೆ ಇಟ್ಟಿದ್ದು ಪ್ರೀತಿಗೆ, ಮಾಯಾಕ. ನಮ್ಮ ಮುತ್ಯಾಗ ಚಾದಂಗಡಿ ಹೊರಗ ಕಪ್ ಬ್ಯಾರೆ ಇಟ್ಟಿದ್ರಲ್ಲ, ಅದು ಮಾಯಾಕಲ್ರಿ. ಕುಡದು ತಾನ ತೊಳದು ತಾನ ಮೊಳಿಗೆ ಹಾಕಬೇಕಾಗಿತ್ತು. ಹಲಗಿ ಮ್ಯಾಲ ನನ್ನ ಹೆಸರಿನ ಕಪ್ ಕಂಡ್ನಿ, ಕೈ ಮುಂದ ಹೋಗಲಿಲ್ಲ. ನಾ ತಗೋಳಲಿಲ್ಲಂತ ಉಳದವರೂ ತಗೋಳಲಿಲ್ಲ."

ಈ ಮಾತನ್ನು ದಾನಿ ನನಗೆ ಹೇಳಿದಾಗ ನಾನು ಫೋನ್ ಹಿಡಿದುಕೊಂಡೇ ಹಲಗೆಯ ಮುಂದೆ ಹೋಗಿ ನಿಂತೆ. ಇಷ್ಟು ವರ್ಷ ನೋಡಿದ ಹಲಗೆ. ಅದರ ಮೇಲೆ ಎಲ್ಲ ಬಣ್ಣಗಳ ದಾರಗಳೂ ಇದ್ದವು, ಆದರೆ ಎಲ್ಲ ಓಣಿಗಳ ಮಂದಿ ಇರಲಿಲ್ಲ ಎಂಬುದು ಅವತ್ತು ಕಣ್ಣಿಗೆ ಬಿತ್ತು.

"ಈಗೇನ್ ಮಾಡ್ತಿ?" ಎಂದು ಕೇಳಿದೆ. ಯಾರಿಗೂ ತಿಳಿಯದ ಹಾಗೆ ರಜೆಯ ದಿನ ಕಪ್ಪುಗಳನ್ನು ತೆಗೆಸಿಬಿಡು, ಮರ್ಯಾದೆ ಉಳಿಯುತ್ತದೆ ಎಂದು ಹೇಳುವವಳಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು, "ಎಲ್ಲಾರ ಮುಂದ ಹಾಕೀನಿ ಆಯಿ, ಎಲ್ಲಾರ ಮುಂದನ ತೆಗೀಬೇಕು" ಎಂದಳು.

ತೆಗೆದಳು. ಪಾಳಿ ಬದಲಾಗುವ ಹೊತ್ತು, ಹೋಗುವವರೂ ಬರುವವರೂ ಕೂಡಿರುವಾಗ, ದೊಡ್ಡ ಸಾಹೇಬರೂ ನಿಂತಿರುವಾಗ, ತಾನೇ ಕುರ್ಚಿ ಹತ್ತಿ ಕಪ್ಪುಗಳನ್ನು ಇಳಿಸಿದಳು. "ತಪ್ಪ ನಂದು. ನಮ್ಮ ಮನಿ ರೂಢಿ ತಂದು ನಿಮ್ಮನ್ನ ಕೇಳದನ ನಿಮ್ಮ ಮ್ಯಾಲ ಹೇರೀನಿ" ಎಂದಳಂತೆ. ಹೆಸರುಗಳನ್ನು ಒರೆಸಿ, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಕಲಸಿ, ಮೊದಲು ಕೈಗೆ ಸಿಕ್ಕ ಕಪ್ಪಿನಲ್ಲಿ ತಾನು ಚಹಾ ಕುಡಿದಳು. ಆಮೇಲೆ ಯಮನಪ್ಪನವರು ಬುಟ್ಟಿಗೆ ಕೈ ಹಾಕಿದರು. ಆಮೇಲೆ ಉಳಿದವರು.

ನೋಡಿ, ಕಪ್ ತೂಗುಹಾಕಿದ್ದು ನನ್ನಿಂದ ಕಲಿತದ್ದು. ಇಳಿಸಿದ್ದನ್ನು ನಾನು ಕಲಿಸಿರಲಿಲ್ಲ. ಓಣಿಯಲ್ಲಿ ನಾನು ಹೆಚ್ಚು ಹೇಳಿಕೊಂಡು ತಿರುಗುವುದು ಈ ಎರಡನೆಯದನ್ನೇ.

ಆದರೆ ನಮ್ಮ ರೂಢಿಯ ಉಳಿದ ಅರ್ಧವನ್ನು ಅವಳು ಬಿಡಲಿಲ್ಲ. ಕಪ್ ಬೇಡ, ಹೋಗಿ ಕೇಳಿ ಬರುವುದು ಬೇಕು. ಈ ಸಲ ಮೊದಲು ಯಮನಪ್ಪನವರನ್ನೂ ಪ್ರತಿ ವಿಭಾಗದ ಹಿರಿಯರನ್ನೂ ಕೂಡಿಸಿ ಕೇಳಿದಳು. ಪಾಳಿಯಲ್ಲಿ ಒಬ್ಬ ಕಾಣದಿದ್ದರೆ ಪಗಾರ ಮುರಿಯುವ ಮೊದಲು ಅವನ ವಿಭಾಗದವನೇ ಒಬ್ಬ ಮನೆಗೆ ಹೋಗಬೇಕು, ದೂರವಿದ್ದರೆ ಫೋನ್ ಮಾಡಬೇಕು. ಹಿಡಿದು ತರಲಿಕ್ಕಲ್ಲ, ಕೇಳಲಿಕ್ಕೆ. ಕೇಳುತ್ತ ಹೋದಂತೆ ಒಂದೊಂದೇ ಹೊರಬಿತ್ತು. ಒಬ್ಬನ ಎಮ್ಮೆ ಈದಿತ್ತು. ಒಬ್ಬನ ತಂದೆಯನ್ನು ಹೊತ್ತುಹೊತ್ತಿಗೆ ಎಬ್ಬಿಸಿ ಕೂರಿಸಲು ಬೇರೆ ಯಾರೂ ಇರಲಿಲ್ಲ. ಹಲವರ ಹೊಲಕ್ಕೆ ಕರೆಂಟು ಬರುವುದೂ ಪಾಳಿ ಶುರುವಾಗುವುದೂ ಒಂದೇ ಹೊತ್ತು, ಅವರು ಮುಖ ತೋರಿಸಿ ಓಡುತ್ತಿದ್ದದ್ದು ನೀರು ಹಾಯಿಸಲು. ಮೊದಲೇ ತಿಳಿಸಿ ತಮ್ಮ ತಮ್ಮಲ್ಲೇ ಪಾಳಿ ಬದಲಿಸಿಕೊಳ್ಳಬಹುದು ಎಂದು ದಾನಿ ಸಾಹೇಬರಿಂದ ಒಪ್ಪಿಗೆ ತಂದಳು. ಇಸ್ಪೀಟಿನವರೂ ಇದ್ದರು. ಅವರ ಪಗಾರ ಮುರಿಯಿತು, ಅದಕ್ಕೆ ಯಾರೂ ಅವರ ಪರ ಮಾತಾಡಲಿಲ್ಲ. ದಿನ ಹೋದಂತೆ ಹೇಳದೆ ತಪ್ಪಿಸಿಕೊಳ್ಳುವವರು ಕಡಿಮೆಯಾದರು.

ನನಗೆ ಒಂದು ವಿಚಾರ ಬರುತ್ತದೆ. ಹಿತ್ತಲಿನ ಪವರ್‌ಲೂಮಿನಲ್ಲಿ ಹೊಕ್ಕಿನ ಎಳೆ ಹರಿದರೆ ಮಗ್ಗ ತಾನೇ ನಿಲ್ಲುತ್ತದೆ, ನಿಂತದ್ದು ಕೇಳಿ ಮಲ್ಲಪ್ಪ ಓಡುತ್ತಾನೆ. ಮನುಷ್ಯನಿಗೆ ಹಾಗಿಲ್ಲ. ಒಳಗೆ ಎಳೆ ಹರಿದರೂ ಕೈಕಾಲು ಆಡುತ್ತಲೇ ಇರುತ್ತವೆ, ಮೇಲಿನಿಂದ ಏನೂ ಕಾಣುವುದಿಲ್ಲ. ದಾನಿಗೆ ಪಗಾರ ಕೊಡುವುದು ಅದಕ್ಕೇ ಇರಬೇಕು. ತಪ್ಪಿದ್ದರೆ ಓದಿದವರು ತಿದ್ದಲಿ.

ಹಂಗಾಮು ಮುಗಿಯುತ್ತ ಬಂದಂತೆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ನಾನು ದೇವರ ಮುಂದೆ ಕುಳಿತರೆ ಸೊಸೆ ಕಸ್ತೂರಿ, "ಏನ್ ಬೇಡ್ಕೊಂಡ್ರಿ ಅತ್ತಿ?" ಎನ್ನುತ್ತಿದ್ದಳು. "ಮೊಣಕಾಲ ನೋವು ಹೋಗ್ಲಿ ಅಂತ" ಎನ್ನುತ್ತಿದ್ದೆ. ಇವತ್ತು ಮುಂಜಾನೆ ದೊಡ್ಡ ಸಾಹೇಬರು ಅವಳನ್ನು ಕರೆದು, ಖಾಯಂ ಆಯಿತು ಎಂದು ಹೇಳಿ, "ಮನೆಯಲ್ಲಿ ಅಜ್ಜಿಗೆ ತಿಳಿಸಿ" ಎಂದರಂತೆ. ಮೊಣಕಾಲು ಇನ್ನೂ ನೋಯುತ್ತಿದೆ, ನೋಯಲಿ.

ಸಂಜೆ ದಾನಿ ಬಂದಳು, ಒಬ್ಬಳೇ ಅಲ್ಲ. ಯಮನಪ್ಪನವರನ್ನೂ ಅವರ ಹೆಂಡತಿಯನ್ನೂ ಕರೆತಂದಿದ್ದಳು. ಪಡಸಾಲೆಯಲ್ಲಿ ಕುಳಿತರು. ನಾನು ಒಳಗೆ ಹೋಗಿ ಕಸ್ತೂರಿಗೆ, "ಇದ್ದಬಿದ್ದ ಕಪ್ಪೆಲ್ಲಾ ಒಂದ ತಾಟಿನ್ಯಾಗ ಇಡು, ಆರಿಸಬ್ಯಾಡ" ಎಂದೆ. ಅವಳು ನನ್ನ ಮುಖ ನೋಡಿದಳು, ಮೊಳೆಯ ಮೇಲಿನದನ್ನೂ ತೆಗೆದು ಇಟ್ಟಳು.

ತಾಟು ಯಮನಪ್ಪನವರ ಮುಂದೆ ಬಂದಾಗ ಅವರ ಕೈಗೆ ಸಿಕ್ಕದ್ದು ಕೆಂಪು ದಾರದ ಕಪ್ಪೇ. ದಾನಿ ನನ್ನ ಕಡೆ ನೋಡಿದಳು. ನಾನು ಅಂಚು ಒಡೆದ ಒಂದು ಕಪ್ ತೆಗೆದುಕೊಂಡೆ. ಯಮನಪ್ಪನವರು ಹಿಡಿಕೆ ತಿರುಗಿಸಿ ನೋಡಿದರು.

"ಇದೇನ್ರಿ ಯವ್ವಾ, ದಾರ?"

"ಗುರುತರಿ."

"ಯಾರದು?"

"ನಂದ ಇತ್ರಿ."

ಅವರು ಕಪ್ ಕೆಳಗಿಡಲು ಹೋದರು. "ಕುಡೀರಿ ಯಜಮಾನ್ರ, ಆರತೈತಿ" ಎಂದೆ. ಕಪ್ಪನ್ನು ಮತ್ತೆ ಎರಡೂ ಕೈಯಲ್ಲಿ ಹಿಡಿದರು. ಆಮೇಲೆ ಕುಡಿದರು. ಕುಡಿದು, "ಸಕ್ಕರಿ ಜಾಸ್ತಿ ಆಗೈತ್ರಿ" ಎಂದರು. ಸಕ್ಕರೆ ಬೇಯಿಸುವವರಿಗೆ ತಿಳಿಯದೆ ಇರುತ್ತದೆಯೇ? ಇವತ್ತು ನನ್ನ ಕೈ ಅಳತೆಯಲ್ಲಿ ಇರಲಿಲ್ಲ.

ಊಟಕ್ಕೆ ಸಾಲಾಗಿ ತಾಟು ಹಾಕಿದೆವು. ಶೇಂಗಾ ಹೋಳಿಗೆ, ಎಣ್ಣೆ ಬದನೆಕಾಯಿ, ಬಿಸಿ ಜೋಳದ ರೊಟ್ಟಿ, ಮಡಿಕೆಕಾಳು, ಕೆನೆಮೊಸರು. ಎಲ್ಲರೂ ಕುಳಿತ ಮೇಲೆ ಒಂದು ತಾಟು ಖಾಲಿ ಉಳಿಯಿತು. ಮಲ್ಲಪ್ಪ ಇಲ್ಲ. ಮಗಳು ಖಾಯಂ ಆದ ದಿನ ಎಂದು ಮಗ್ಗ ಬಂದ್ ಮಾಡಿ ಬರುತ್ತೇನೆ ಎಂದು ಹೋದವನು ಬಂದೇ ಇಲ್ಲ.

"ಇವರ್ದೊಂದ ದಿನಾ ಇದ್ದದ್ದ" ಎಂದು ಕಸ್ತೂರಿ ಗೊಣಗಿದಳು. "ರೊಟ್ಟಿ ಆರತಾವ, ನೀವು ಶುರು ಮಾಡ್ರಿ."

ಯಾರೂ ರೊಟ್ಟಿ ಮುರಿಯಲಿಲ್ಲ. ದಾನಿ ಎದ್ದಳು. "ನಾ ಹೋಗಿ ಕೇಳಿ ಬರ್ತೇನಿ" ಎಂದು ಹಿತ್ತಲಿಗೆ ಹೋದಳು. ಯಮನಪ್ಪನವರು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು.

ಸ್ವಲ್ಪ ಹೊತ್ತಿಗೆ ತಂದೆಯ ಕೈ ಹಿಡಿದುಕೊಂಡು ಬಂದಳು. ಮಲ್ಲಪ್ಪನ ಕಣ್ಣು ಕೆಂಪಗೆ.

"ಏನಾಗಿತ್ತಪಾ?" ಎಂದು ಕೇಳಿದೆ.

"ಏನಿಲ್ಲಬೇ. ಕಣ್ಣಾಗ ನೂಲಿನ ಧೂಳ ಬಿದ್ದಿತ್ತು."

ಮಗ್ಗಗಳೆಲ್ಲ ನಿಂತಿದ್ದವು. ಧೂಳು ಎಲ್ಲಿಂದ ಹಾರಿತೋ! ದಾನಿ ಅವನನ್ನು ತನ್ನ ಪಕ್ಕದ ಖಾಲಿ ತಾಟಿಗೆ ಕೂರಿಸಿಕೊಂಡು ಹೋಳಿಗೆಯ ಮೇಲೆ ತುಪ್ಪ ಸುರಿದಳು. ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಎಲ್ಲರೂ ಬಂದಿದ್ದರು. "ಹಾಂ, ಉಣ್ರಿ ಇನ್ನ" ಎಂದೆ. ಎಲ್ಲರೂ ಒಟ್ಟಿಗೆ ರೊಟ್ಟಿ ಮುರಿದರು.